ಪಾಳಿ ಬರುವ ತನಕ

ಟೇಪಿನಲ್ಲಿ ಕಾರ್ಪೆಟ್ಟು ಹಸಿರು. ನನ್ನ ನೆನಪಿನಲ್ಲಿ ಅದು ಇವತ್ತಿಗೂ ನೀಲಿ. ಇಂಥ ಜಗಳದಲ್ಲಿ ಟೇಪಿನ ಪಕ್ಷ ವಹಿಸಬೇಕು ಅನ್ನುವುದು ನನ್ನ ಕಸುಬು ಕಲಿಸಿದ ಪಾಠ. ಆದರೆ ಅಗ್ಗದ ಕ್ಯಾಮೆರಾಗಳು ಟ್ಯೂಬ್‌ಲೈಟಿನ ಕೆಳಗೆ ಎಲ್ಲದಕ್ಕೂ ಹಸಿರು ಬಳಿಯುತ್ತವೆ ಅನ್ನುವುದೂ ಅದೇ ಕಸುಬಿನ ಪಾಠ. ಹಾಗಾಗಿ ಕಾರ್ಪೆಟ್ಟಿನ ಬಣ್ಣವನ್ನು ಇತ್ಯರ್ಥ ಮಾಡದೆ ಮುಂದೆ ಹೋಗುತ್ತೇನೆ. ಅದರ ಮೇಲೆ ಕಾಲು ಮಡಚಿ ಕೂತಿದ್ದ ಮಕ್ಕಳ ಬಗ್ಗೆ ಮಾತ್ರ ಟೇಪಿಗೂ ನನಗೂ ತಕರಾರಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಮಾಡುತ್ತಿದ್ದದ್ದು ಮೂರು-ನಾಲ್ಕು ವರ್ಷದ ಮಕ್ಕಳಿಗಾಗಿ ಬೊಂಬೆಗಳ ಟಿವಿ ಕಾರ್ಯಕ್ರಮ. ಅಕ್ಷರ ಕಲಿಸುವುದಲ್ಲ, ಅಂಕಿ ಕಲಿಸುವುದೂ ಅಲ್ಲ. ನಾಲ್ಕು ಮಕ್ಕಳ ನಡುವೆ ಇರುವುದು ಹೇಗೆ ಅನ್ನುವುದನ್ನು ಕಲಿಸುವುದು: ಕೇಳಿ ತೆಗೆದುಕೊಳ್ಳುವುದು, ಹಂಚಿಕೊಳ್ಳುವುದು, ತಳ್ಳಿದರೆ ಸಾರಿ ಅನ್ನುವುದು, ಸರದಿ ಕಾಯುವುದು. ಕಂಪನಿ ಅಂದರೆ ಇಂಗ್ಲಿಷರ ರಾಜಧಾನಿಯಲ್ಲಿ, ಸೋಹೋದ ಒಂದು ಸ್ಯಾಂಡ್‌ವಿಚ್ ಅಂಗಡಿಯ ಮೇಲಿನ ಎರಡು ಕೋಣೆ ಮತ್ತು ಮೂರು ಜನ. ಒಬ್ಬಳು ನಿರ್ಮಾಪಕಿ. ಒಬ್ಬ ಬೊಂಬೆಯಾಡಿಸುವವನು, ಅವನನ್ನು ಬೊಂಬೆಯವನು ಅಂತಲೇ ಕರೆಯುತ್ತೇನೆ. ಮೂರನೆಯವಳು ನಾನು, ಎಡಿಟರ್. ಅವರಿಬ್ಬರೂ ಆಡಿದ್ದು ಇಂಗ್ಲಿಷು. ಇಲ್ಲಿ ಬರುವುದು ನನ್ನ ಕನ್ನಡ.

ಒಂದು ಚಾನೆಲ್ಲು ಮಾದರಿಗೆಂದು ಒಂದೇ ಒಂದು ಕಂತು ಮಾಡಿಸಿತ್ತು. ಅದನ್ನು ನರ್ಸರಿಯ ಮಕ್ಕಳು ಹೇಗೆ ನೋಡುತ್ತಾರೆ ಅನ್ನುವುದನ್ನು ನೋಡಲು ಚಾನೆಲ್ಲಿನ ಅಧಿಕಾರಿಣಿ ಸ್ವತಃ ಬರುವವಳಿದ್ದಳು. ಒಪ್ಪಿದರೆ ಇಡೀ ಸರಣಿ. ಒಪ್ಪದಿದ್ದರೆ ನಿರ್ಮಾಪಕಿ ಎರಡು ಕೋಣೆಯ ಬೀಗದ ಕೈ ವಾಪಸು ಕೊಡುವವಳು. ನನಗಂತೂ ವರ್ಷಗಟ್ಟಲೆ ಬೇರೆಯವರ ಟೇಪುಗಳಿಗೆ ಚೀಟಿ ಅಂಟಿಸಿದ ಮೇಲೆ ಎಡಿಟರ್ ಅಂತ ಪರದೆಯ ಮೇಲೆ ಹೆಸರು ಬರುವ ಮೊದಲ ಅವಕಾಶ ಅದು.

ಕಂತಿನ ಕತೆ ಸರಳ. ಗೋಡೆಯ ಮೇಲೆ ಒಂದು ಕತ್ತೆ, ಒಂದು ಆಡು. ಕತ್ತೆಯ ಕೊರಳಲ್ಲಿ ಡೋಲು. ಆಡಿಗೂ ಡೋಲು ಬೇಕು. ಮೊದಲು ಎಳೆದಾಡುತ್ತದೆ, ಆಮೇಲೆ ತಿಳಿದುಕೊಂಡು "ನನ್ನ ಸರದಿ, ಪ್ಲೀಸ್" ಅನ್ನುತ್ತದೆ. ಡೋಲು ಸಿಗುತ್ತದೆ. ಕೊನೆಗೆ ಇಬ್ಬರೂ ಸೇರಿ ಸರದಿಯ ಮಹತ್ವದ ಮೇಲೆ ಒಂದು ಹಾಡು ಹೇಳುತ್ತಾರೆ.

ಅವಳು ಬರುವ ಮೊದಲು ನಾವೇ ಪರೀಕ್ಷೆ ಮಾಡಿ ನೋಡಲು ಊರಂಚಿನ ರೇನರ್ಸ್ ಲೇನಿನ ಒಂದು ನರ್ಸರಿ ಸಿಕ್ಕಿತು. ನಮ್ಮ ಫ್ಲಾಟಿನಿಂದ ನಡೆದೇ ಹೋಗುವಷ್ಟು ಹತ್ತಿರ, ಅದಕ್ಕೇ ಸಿಕ್ಕಿದ್ದು. ಇಂಥ ಪರೀಕ್ಷೆಯಲ್ಲಿ ಟಿವಿಯನ್ನು ಚಕ್ರದ ಮೇಜಿನ ಮೇಲೆ ಇಟ್ಟು, ಅದರ ನೆತ್ತಿಯ ಮೇಲೊಂದು ಪುಟ್ಟ ಕ್ಯಾಮೆರಾ ಕೂರಿಸುತ್ತಾರೆ. ಕ್ಯಾಮೆರಾ ನೋಡುವುದು ಮಕ್ಕಳ ಮುಖವನ್ನು. ಟಿವಿಯ ಧ್ವನಿಯೂ ಅದೇ ಟೇಪಿನಲ್ಲಿ ಬರುವುದರಿಂದ ಆಮೇಲೆ ಎರಡನ್ನೂ ಜೋಡಿಸಿ ನೋಡಬಹುದು: ಯಾವ ಮಾತಿಗೆ ಯಾವ ಮಗು ಮೂಗಿಗೆ ಬೆರಳು ಹಾಕಿತು, ಯಾವ ಶಾಟಿಗೆ ಯಾರು ಎದ್ದು ಮರಳಿನ ತೊಟ್ಟಿಗೆ ಹೋದರು.

ಮೊದಲ ಸಲ ಯಾರೂ ಏಳಲಿಲ್ಲ. ಕತ್ತೆ ಬಂದಾಗ ನಕ್ಕರು, ಆಡು ಡೋಲು ಎಳೆದಾಗ ಕೂಗಿದರು, ಹಾಡಿಗೆ ಚಪ್ಪಾಳೆ ತಟ್ಟಿದರು. ಬೊಂಬೆಯವನು ಸ್ಟೇಷನ್ನಿಗೆ ಹೋಗುವ ದಾರಿಯುದ್ದಕ್ಕೂ ಆಡಿನ ಧ್ವನಿಯಲ್ಲೇ ಮಾತಾಡಿದ. ಟಿಕೆಟ್ ಕಿಟಕಿಯಲ್ಲೂ.

ಕೆಲವು ದಿನ ಬಿಟ್ಟು ನರ್ಸರಿಯ ಟೀಚರ್ ಫೋನ್ ಮಾಡಿದಳು. "ನಿಮ್ಮ ಕಾರ್ಯಕ್ರಮ ಕೆಲಸ ಮಾಡ್ತಾ ಇದೆ. ಒಂದ್ಸಲ ಬಂದು ನೋಡಿ," ಅಂದಳು. ಅವಳ ದನಿಯಲ್ಲಿ ಏನೋ ಇತ್ತು.

ನರ್ಸರಿಯ ಅಂಗಳದಲ್ಲಿ ಒಂದೇ ಮೂರು ಚಕ್ರದ ಸೈಕಲ್ಲು. ಅದರ ಮೇಲೆ ಜಡೆ ಹಾಕಿದ ಹುಡುಗಿಯೊಬ್ಬಳು ಕೂತಿದ್ದಳು. ಕೆಂಪು ರಬ್ಬರ್ ಬೂಟಿನ ಹುಡುಗನೊಬ್ಬ ಅವಳ ಹತ್ತಿರ ಹೋದ. ಅವನು ನನಗೆ ಗೊತ್ತು. ಅವನ ಅಪ್ಪ-ಅಮ್ಮ ವಿಜಯಪುರದ ಕಡೆಯವರು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಹುಡುಗ ಬಹಳ ಮೃದುವಾಗಿ "ಮೈ ಟರ್ನ್, ಪ್ಲೀಸ್" ಅಂದ. ಅನ್ನುತ್ತಿದ್ದ ಹಾಗೆಯೇ ಎರಡೂ ಕೈ ಹಾಕಿ ಹುಡುಗಿಯನ್ನು ಸೀಟಿನಿಂದ ಪಕ್ಕಕ್ಕೆ ಎಳೆದು, ನೆಲಕ್ಕೆ ಇಳಿಸಿ, ತಾನು ಏರಿದ. ಏರಿದ ಮೇಲೆ ಅವಳ ಕಡೆ ತಿರುಗಿ "ಥ್ಯಾಂಕ್ಯೂ" ಅಂದ.

ಟೀಚರ್ ಕೈಕಟ್ಟಿ ನಿಂತಿದ್ದಳು. "ಮೊದಲು ಕಸಕೊಳ್ತಿದ್ರು. ಈಗ ಮರ್ಯಾದೆ ಕೊಟ್ಟು ಕಸಕೊಳ್ತಾರೆ. ಎಲ್ಲರೂ."

"ನಮ್ಮ ಆಡು ಹೀಗೆ ಮಾಡಿಲ್ಲ!" ಬೊಂಬೆಯವನು ತನ್ನ ಮಗನ ಮೇಲೆ ದೂರು ಬಂದವನ ಹಾಗೆ ಎಗರಿದ.

ಆಡು ಮಾಡಿತ್ತು. ಸೋಹೋಗೆ ವಾಪಸು ಬಂದು ಕಂತನ್ನು ಹಾಕಿ ನೋಡಿದಾಗ ನನಗೆ ಮೊದಲ ಸಲಕ್ಕೇ ಕಂಡಿತು. ಆಡು "ನನ್ನ ಸರದಿ, ಪ್ಲೀಸ್" ಅನ್ನುತ್ತದೆ. ಕಟ್. ಆಡು ಡೋಲು ಬಾರಿಸುತ್ತಿದೆ. ಚಿತ್ರೀಕರಣದ ಮೂಲ ಟೇಪಿನಲ್ಲಿ ಈ ಎರಡರ ನಡುವೆ ಎಷ್ಟೆಲ್ಲ ಇತ್ತು! ಕತ್ತೆ ತನ್ನ ತಾಳ ಮುಗಿಸುತ್ತದೆ, ಮತ್ತೊಂದು ಸುತ್ತು ಬಾರಿಸುತ್ತದೆ, ಆಕಾಶ ನೋಡುತ್ತದೆ, ಪಟ್ಟಿ ಬಿಚ್ಚಲು ಕಿವಿ ಅಡ್ಡ ಬರುತ್ತದೆ, ಕೊನೆಗೆ ಕೊಡುತ್ತದೆ. ಅಷ್ಟನ್ನೂ ನಾನೇ ತೆಗೆದು ಹಾಕಿದ್ದೆ. ಯಾವ ಎಡಿಟರಾದರೂ ತೆಗೆಯುತ್ತಾರೆ. ಒಬ್ಬ ಮನುಷ್ಯ ಬಾಗಿಲು ತಟ್ಟಿದರೆ ಮುಂದಿನ ಶಾಟಿನಲ್ಲಿ ಅವನು ಸೋಫಾದ ಮೇಲೆ ಚಹಾ ಕುಡಿಯುತ್ತಿರಬೇಕು. ನಡುವಿನದನ್ನು ನೋಡುವವರು ತುಂಬಿಕೊಳ್ಳುತ್ತಾರೆ. ನನ್ನ ಕಸುಬು ಅಂದರೆ ಕಾಯುವುದನ್ನು ತೆಗೆಯುವುದೇ. ಸರದಿ ಕಾಯುವುದನ್ನು ಕಲಿಸುವ ಕಂತಿನಲ್ಲೂ ಅದನ್ನೇ ಬಹಳ ಅಚ್ಚುಕಟ್ಟಾಗಿ ಮಾಡಿದ್ದೆ. ನಾಲ್ಕು ವರ್ಷದವರು ನಡುವಿನದನ್ನು ತುಂಬಿಕೊಳ್ಳಲಿಲ್ಲ. ತೋರಿಸಿದ್ದನ್ನು ತೋರಿಸಿದ ಹಾಗೆ ಕಲಿತರು. ಅಷ್ಟು ನಿಷ್ಠೆಯ ಪ್ರೇಕ್ಷಕರು ನನಗೆ ಮತ್ತೆ ಸಿಕ್ಕಿಲ್ಲ.

"ಅಂದ್ರೆ ನಾವು ಕಲಿಸಿದ್ದು ಮಂತ್ರ," ಅಂದಳು ನಿರ್ಮಾಪಕಿ. "ಪ್ಲೀಸ್ ಅಂದ್ರೆ ಡೋಲು."

"ಕೆಟ್ಟ ಮಂತ್ರ ಏನಲ್ಲ. ನನಗೂ ಒಂದು ಬೇಕಿತ್ತು," ಅಂದ ಬೊಂಬೆಯವನು.

ಮೊದಲ ದುರಸ್ತಿ ನನ್ನದೇ. ಕಟ್ ಜಾಗದಲ್ಲಿ ಡಿಸಾಲ್ವ್ ಹಾಕಿದೆ: ಕೇಳುವ ಆಡು ನಿಧಾನ ಕರಗುತ್ತದೆ, ಬಾರಿಸುವ ಆಡು ನಿಧಾನ ಮೂಡುತ್ತದೆ. ಹೊತ್ತು ಕಳೆಯಿತು ಅಂತ ಹೇಳಲು ಸಿನಿಮಾ ಹುಟ್ಟಿದಾಗಿನಿಂದ ಇದೇ ದಾರಿ. ನರ್ಸರಿಯಲ್ಲಿ ಆಡು ಕರಗುವುದನ್ನು ಕಂಡು ಒಂದು ಮಗು ಅಳುವ ಹಾಗಾಯಿತು. ಇನ್ನೊಂದು ಮಗು ಟಿವಿಯ ಹಿಂದೆ ಹೋಗಿ ಹುಡುಕಿತು. ಆಮೇಲೆ ಮೂಡಿದ ಆಡನ್ನು ಅವರು ಇನ್ನೊಂದು ಆಡು ಅಂದುಕೊಂಡರು. "ಡೋಲು ಕೇಳಿದ ಆಡು ಎಲ್ಲಿ ಹೋಯ್ತು?" ಅಂತ ಟೀಚರ್ ಕೇಳಿದರೆ ಕೆಂಪು ಬೂಟಿನವನು "ಡೆಡ್" ಅಂದ, ತುಂಬ ಸಮಾಧಾನದಿಂದ.

ಎರಡನೆಯ ದುರಸ್ತಿಯಲ್ಲಿ ತೆಗೆದದ್ದನ್ನೆಲ್ಲ ವಾಪಸು ಹಾಕಿದೆ. ಕತ್ತೆ ಒಂದು ಶಾಟಿನಲ್ಲಿ ಬಾರಿಸುತ್ತದೆ. ಇನ್ನೊಂದು ಶಾಟಿನಲ್ಲಿ ಆಡಿನ ಮುಖ, ಕಾಯುತ್ತಿರುವ ಮುಖ, ಎಷ್ಟು ಹೊತ್ತಾದರೂ ಅದೇ ಮುಖ. ಬಹಳ ಸುಂದರ ಶಾಟು. ನನಗೆ ಅದನ್ನು ನೋಡಿ ಕಣ್ಣು ತುಂಬಿ ಬಂದದ್ದುಂಟು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮರಳಿನ ತೊಟ್ಟಿಗೆ ಹೋದರು. ಟೇಪಿನ ಕೊನೆಯ ಭಾಗದಲ್ಲಿ ಇರುವುದು ಖಾಲಿ ಕಾರ್ಪೆಟ್ಟು, ಅದರ ಮೇಲೊಂದು ಒಂಟಿ ಸಾಕ್ಸು. ಕಾರ್ಪೆಟ್ಟು ಅಲ್ಲೂ ಹಸಿರೇ.

ಅಧಿಕಾರಿಣಿ ಬರುವ ದಿನ ಹತ್ತಿರವಾಗಿತ್ತು. ನಿರ್ಮಾಪಕಿ ಸಹನೆಯಿಂದಲೇ ಹೇಳಿದಳು, "ಈ ವಿಷಯ ಬಿಡೋಣ. ಸಾರಿ ಹೇಳೋದನ್ನ ಕಲಿಸೋಣ. ಸಾರಿಗೆ ಕಾಯೋ ಕೆಲಸ ಇಲ್ಲ." ವಾರಾಂತ್ಯ ಕಳೆಯಲಿ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಏನೋ ಹೊಳೆಯುವುದಿದೆ ಅಂತ ಮೊದಲೇ ಅನ್ನಿಸಿತ್ತು ಅಂತ ಬರೆದರೆ ಕತೆಗೆ ಚೆಂದ, ಆದರೆ ಏನೂ ಅನ್ನಿಸಿರಲಿಲ್ಲ. ಆ ಭಾನುವಾರ ಪಕ್ಕದ ಪಿನ್ನರಿನಲ್ಲಿ ಅಲ್ಲಿಯ ಕನ್ನಡದವರ ಯುಗಾದಿ ಊಟ ಇತ್ತು, ಕೋಸಂಬರಿಯ ಪಾಲು ನನ್ನದಾಗಿತ್ತು, ಮನಸ್ಸು ಅದರ ಮೇಲಿತ್ತು.

ಊಟ ಒಂದು ಶಾಲೆಯ ಹಾಲಿನಲ್ಲಿ. ಬ್ಯಾಸ್ಕೆಟ್‌ಬಾಲ್ ಗೆರೆಗಳಿದ್ದ ನೆಲದ ಮೇಲೆ ಉದ್ದಕ್ಕೆ ಕಾಗದದ ಸುರುಳಿ ಬಿಚ್ಚಿ, ಮೊದಲು ಮಕ್ಕಳ ಪಂಕ್ತಿ ಕೂರಿಸಿದ್ದರು. ಬಡಿಸುವ ಮುಖಂಡತ್ವ ಧಾರವಾಡದ ಒಬ್ಬ ಹಿರಿಯಾಕೆಯದು. ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದರು, ಅವರಿಗಿಂತ ದೊಡ್ಡವರೂ.

"ಏನವಾ ಟಿವಿ ಬಾಯಿ, ಭಾಳ ಸೊರಗೀದಿ," ಅಂದರು ನನ್ನ ಕಂಡು. "ಆ ಕತ್ತಿ ಆಡಿನ ಕಾಟ ಇನ್ನಾ ಮುಗಿದಿಲ್ಲೇನು?"

"ಇಲ್ರಿ ಕಾಕು. ಆಡು ತಡೀವಲ್ದು. ಅದಕ್ಕ ಪಾಳಿ ಕಾಯೋದು ಕಲಸಬೇಕಾಗೇದ."

"ಆಡು ಯಾಕ ತಡೀತದ? ಆಡು ಅದು! ನಿಮ್ಮ ಮಂದಿಗೆ ಬ್ಯಾರೆ ಉದ್ಯೋಗ ಇಲ್ಲ. ಮೊದ್ಲ ಆ ಸೌಟು ಹಿಡಿ, ಕೋಸಂಬರಿ ಬಡಸು ನಡಿ."

ಬಡಿಸಿದೆ. ಎಲ್ಲ ಮಕ್ಕಳ ಎದುರಿಗೂ ಬಿಸಿ ಹೋಳಿಗೆ ಬಿದ್ದಿತ್ತು. ತುಪ್ಪ ಬೀಳುವ ತನಕ ಹೋಳಿಗೆ ಮುಟ್ಟಬಾರದು ಅನ್ನುವುದು ಕಾಕುವಿನ ಕಾನೂನು. ಅವರು ತುಪ್ಪದ ಮಿಳ್ಳೆ ಹಿಡಿದು ಪಂಕ್ತಿಯ ಆ ತುದಿಯಿಂದ ಒಬ್ಬೊಬ್ಬರಿಗೇ ಹಾಕುತ್ತ ಬರುತ್ತಿದ್ದರು, ನಿಧಾನಕ್ಕೆ, ಪ್ರತಿ ಮಗುವಿಗೂ ಒಂದು ಮಾತು ಆಡಿಸಿ. ಈ ತುದಿಯಲ್ಲಿ, ಕಟ್ಟಕಡೆಯ ಜಾಗದಲ್ಲಿ, ಬೂಟನ್ನು ಬಾಗಿಲಲ್ಲಿ ಬಿಡಲು ಒಪ್ಪದೆ ಎರಡೂ ಕೆಂಪು ಬೂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನು ಕೂತಿದ್ದ. ಸುಮ್ಮನೆ. ಹೋಳಿಗೆ ಮೂಗಿನ ಕೆಳಗೇ ಇತ್ತು.

"ಕಾಕು ಅಜ್ಜೀ, ಆಮ್ ಐ ನೆಕ್ಸ್ಟ್?"

"ಇಲ್ಲೋ ಮಾರಾಯ. ಇನ್ನಾ ಎಷ್ಟ ಮಂದಿ ಇದ್ದಾರ ನೋಡು."

ಅವನು ನೋಡಿದ. ಬೆರಳು ಮಡಚಿ ಎಣಿಸಿದ. ಮತ್ತೆ ಸುಮ್ಮನೆ ಕೂತ. ಅವನ ಅಮ್ಮ ನನ್ನ ಪಕ್ಕದಲ್ಲೇ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು. "ಅಕ್ಕಾರ, ಇಂವಾ ನಮ್ಮ ಹುಡುಗನೇ ಹೌದೋ ಅಲ್ಲೋ ನೋಡ್ರಿ," ಅಂದಳು ಮೆಲ್ಲಗೆ.

ಆಗ ತುಪ್ಪ ಮುಗಿಯಿತು. ಕಾಕು ಖಾಲಿ ಮಿಳ್ಳೆ ಹಿಡಿದು ಅಡುಗೆ ಕೋಣೆಗೆ ಹೋದರು. ಬಾಗಿಲು ಮುಚ್ಚಿದ ಗಳಿಗೆಗೆ ಆ ಪಂಕ್ತಿ ಪಂಕ್ತಿಯಾಗಿ ಉಳಿಯಲಿಲ್ಲ. ಒಬ್ಬಳು ಎದ್ದು ಓಡಿದಳು. ಇಬ್ಬರು ಕಾಗದದ ಸುರುಳಿ ಎಳೆದಾಡಿದರು. ಕೆಂಪು ಬೂಟಿನವನು ಒಂದು ಬೂಟಿನಿಂದ ಪಕ್ಕದವನಿಗೆ ಬಾರಿಸಿ, ಅವನ ಹೋಳಿಗೆ ಎತ್ತಿ ಕಚ್ಚಿದ; "ಪ್ಲೀಸ್" ಅಂದನೋ ಇಲ್ಲವೋ ಕೇಳಿಸಲಿಲ್ಲ. ಅಮ್ಮ, "ಹಾಂ, ನಮ್ಮವನೇ," ಅಂದಳು.

ಕಾಕು ಮಿಳ್ಳೆ ತುಂಬಿಸಿಕೊಂಡು ಬಾಗಿಲು ತೆರೆದರು. "ಏ! ಏನಿದು ಸಂತಿ?" ಅಂದರು ಅಷ್ಟೆ. ಮಿಳ್ಳೆ ಮತ್ತೆ ಪಂಕ್ತಿಯ ಮೇಲೆ ತೇಲಿತು. ಮಕ್ಕಳು ಕೂತರು. ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವು, ಮಿಳ್ಳೆ ಸರಿದಷ್ಟು ಸರಿದವು.

ಸೌಟು ಹಿಡಿದು ನಿಂತಿದ್ದ ನನಗೆ ಆ ಇಡೀ ಸಾಲು ಒಂದು ಫ್ರೇಮಿನ ಹಾಗೆ ಕಂಡಿತು. ಬಾಗಿಲು ಮುಚ್ಚಿದ್ದೇ ಒಂದು ಕಟ್. ಫ್ರೇಮಿನಲ್ಲಿ ಮಿಳ್ಳೆ ಇರುವಷ್ಟು ಹೊತ್ತು ಅವರು ಮಾಡುತ್ತಿದ್ದದ್ದು ಬರೀ ಕಾಯುವುದಲ್ಲ, ನೋಡುವುದು. ನೋಡಲು ಏನೋ ಒಂದು ಹತ್ತಿರ ಬರುತ್ತಿತ್ತು. ನಾನು ತೋರಿಸಿದ್ದು ಕಾಯುವ ಮುಖ. ಆ ಹೊತ್ತೆಲ್ಲ ಡೋಲು ಇನ್ನೊಂದು ಶಾಟಿನಲ್ಲಿತ್ತು, ಅಂದರೆ ಮುಚ್ಚಿದ ಬಾಗಿಲ ಹಿಂದೆ.

"ಕೋಸಂಬರಿ ಬಡಸಂದ್ರ ನಿಂತ ಕನಸ ಕಾಣ್ತೀಯಲ್ಲ!" ಅಂತ ಕಾಕು ಬೈದದ್ದು ನೆನಪಿದೆ. ಇದಕ್ಕೆ ಟೇಪಿಲ್ಲ, ಆದರೂ ಪಂದ್ಯ ಕಟ್ಟುತ್ತೇನೆ.

ಸೋಮವಾರ ನಿರ್ಮಾಪಕಿಗೆ ಹೇಳಿದೆ: ಮತ್ತೆ ಶೂಟ್ ಮಾಡೋಣ. ಗೋಡೆಯ ಮೇಲೆ ಮೂರು ಬೊಂಬೆ ಸಾಲಾಗಿ ಇರಲಿ. ಡೋಲು ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲಿ. ಕ್ಯಾಮೆರಾ ಅಲುಗದಿರಲಿ, ಡೋಲು ಒಂದು ಗಳಿಗೆಯೂ ಫ್ರೇಮಿನಿಂದ ಹೊರಗೆ ಹೋಗದಿರಲಿ. ಇಡೀ ದೃಶ್ಯ ಒಂದೇ ಶಾಟ್. ಕಟ್ ಬೇಡ.

"ಎಡಿಟರ್ ಬಂದು ಎಡಿಟಿಂಗ್ ಬೇಡ ಅಂತಿದಾಳೆ," ಅಂದಳು ಅವಳು ಬೊಂಬೆಯವನಿಗೆ. "ನೀನು ಇನ್ನು ಬೊಂಬೆ ಬೇಡ ಅನ್ನು, ಎಲ್ಲರೂ ಮನೆಗೆ ಹೋಗೋಣ."

ಅವಳ ತಕರಾರು ನ್ಯಾಯದ್ದು. ಕಂತಿಗೆ ಚಾನೆಲ್ಲು ಕೊಟ್ಟ ಅಳತೆ ಇತ್ತು, ಒಂದು ಸೆಕೆಂಡೂ ಹೆಚ್ಚಾಗುವಂತಿರಲಿಲ್ಲ. ಅಷ್ಟು ಉದ್ದದ ಶಾಟ್ ಒಳಗೆ ಬರಬೇಕಾದರೆ ಇನ್ನೇನೋ ಹೊರಗೆ ಹೋಗಬೇಕು. ಹೋಗಬಹುದಾದದ್ದು ಒಂದೇ: ಕೊನೆಯ ಹಾಡು. ಅದರ ಪದ ಬರೆದವಳು ನಿರ್ಮಾಪಕಿ. ಚಾನೆಲ್ಲಿನವರಿಗೆ ಮೊದಲು ಹಿಡಿಸಿದ್ದೂ ಆ ಹಾಡೇ. ಅವಳು ಕಿಟಕಿಯ ಹತ್ತಿರ ಹೋಗಿ ಕೆಳಗಿನ ಬೀದಿ ನೋಡಿದಳು. ಸ್ಯಾಂಡ್‌ವಿಚ್ ಅಂಗಡಿಯ ಮುಂದೆ ಮಧ್ಯಾಹ್ನದ ಕ್ಯೂ ಇತ್ತು.

"ಹಾಡು ಏನು ಹೇಳ್ತದೆ?" ಅಂತ ಕೇಳಿದಳು ತಿರುಗಿ.

"ಸರದಿ ಕಾಯಬೇಕು ಅಂತ."

"ಶಾಟ್ ಏನು ಹೇಳ್ತದೆ?"

"ಏನೂ ಹೇಳೋದಿಲ್ಲ. ಕಾಯ್ತದೆ."

"ಹಾಡು ತೆಗಿ," ಅಂದಳು. ಆಮೇಲೆ, "ನನ್ನೆದುರಿಗೆ ತೆಗಿಬೇಡ."

ಬೊಂಬೆಯವನಿಗೆ ಇರುವುದು ಎರಡೇ ಕೈ. ಕತ್ತೆಗೆ ಒಂದು, ಆಡಿಗೆ ಒಂದು. ಮೂರನೆಯದು ಹಳೆಯ ಯಾವುದೋ ಕೆಲಸದಿಂದ ಉಳಿದಿದ್ದ ಕಾಗೆ; ಅದಕ್ಕೆ ಕೈ ಬೇಕಿತ್ತು, ಕೈಗೆ ಕೂಲಿ ಕೊಡುವ ಸ್ಥಿತಿಯಲ್ಲಿ ಕಂಪನಿ ಇರಲಿಲ್ಲ. ಕಾಗೆ ನನಗೆ ಬಂತು. "ಏನೂ ಮಾಡೋದು ಬೇಡ. ಸುಮ್ಮನೆ ಕಾಯಿ, ಅಷ್ಟೆ," ಅಂದ ಅವನು.

ಸುಮ್ಮನೆ ಕಾಯುವುದರಷ್ಟು ಕಷ್ಟದ ಕೆಲಸ ನಾನು ಆ ಕಂಪನಿಯಲ್ಲಿ ಬೇರೆ ಮಾಡಿಲ್ಲ. ಪ್ಲೈವುಡ್ ಗೋಡೆಯ ಹಿಂದೆ ಮೊಣಕಾಲೂರಿ, ಬಲಗೈ ಪೂರ್ತಿ ಮೇಲೆ ಎತ್ತಿ, ಎದುರಿಗಿದ್ದ ಪುಟ್ಟ ಮಾನಿಟರಿನಲ್ಲಿ ಕಾಗೆಯನ್ನು ನೋಡುತ್ತ ಇರಬೇಕು. ಕತ್ತೆ ಬಾರಿಸುತ್ತಿದ್ದಷ್ಟು ಹೊತ್ತು ಕೈ ಮೇಲೆಯೇ ಇತ್ತು. ಆಡು ಶುರು ಮಾಡುವ ಹೊತ್ತಿಗೆ ನನ್ನ ಕಾಗೆ ಗೋಡೆಯ ಹಿಂದೆ ಸೂರ್ಯ ಮುಳುಗಿದ ಹಾಗೆ ನಿಧಾನ ಮುಳುಗುತ್ತಿತ್ತು.

"ಕಾಗೆ ತೀರಿಕೊಂಡಿತು," ಅಂದಳು ನಿರ್ಮಾಪಕಿ ಕ್ಯಾಮೆರಾದ ಹಿಂದಿನಿಂದ. "ಮತ್ತೊಮ್ಮೆ."

ಎರಡನೆಯ ಸಲ ಕಾಗೆ ಬದುಕಿತ್ತು, ಆದರೆ ನಡುಗುತ್ತಿತ್ತು. ಇನ್ನೊಂದು ಸಲ ಕಾಗೆ ನೇರ ಕ್ಯಾಮೆರಾವನ್ನೇ ದುರುಗುಟ್ಟಿತು, ನಾನು ಮಾನಿಟರಿನಲ್ಲಿ ಅದನ್ನೇ ದುರುಗುಟ್ಟುತ್ತಿದ್ದೆನಲ್ಲ. ಬೊಂಬೆಯವನು ಎರಡೂ ಕೈ ಮೇಲಿಟ್ಟುಕೊಂಡೇ ನನ್ನ ಕಡೆ ವಾಲಿ ಹೇಳಿದ, "ಕಾಗೆಯನ್ನ ನೋಡಬೇಡ. ಡೋಲನ್ನ ನೋಡು. ನೀನು ನೋಡಿದ ಕಡೆ ಅದು ನೋಡ್ತದೆ." ಬಾಡಿಗೆ ಕ್ಯಾಮೆರಾದ ಜೊತೆ ಬಂದಿದ್ದ ಕ್ಯಾಮೆರಾದವನು ಎಲ್ಲಿಂದಲೋ ಟೆಲಿಫೋನ್ ಡೈರೆಕ್ಟರಿಗಳ ಅಟ್ಟಿ ತಂದು ನನ್ನ ಮೊಣಕೈ ಕೆಳಗೆ ಇಟ್ಟ. ಡೋಲು ನೋಡಿದೆ. ಕತ್ತೆ ಬಾರಿಸಿತು, ಬೇಕಾದಷ್ಟು. ಪಟ್ಟಿಗೆ ಕಿವಿ ಸಿಕ್ಕಿತು, ಬಿಡಿಸಿಕೊಂಡಿತು. ಆಡಿನ ಪಾಳಿ ಬಂತು. ಅರ್ಧದಲ್ಲಿ ಡೈರೆಕ್ಟರಿಯೊಂದು ಜಾರಿ ಕಾಗೆ ಕೊರಳ ತನಕ ಕುಸಿಯಿತು. ನಾನು ಹೇಗೋ ಮೇಲೆತ್ತಿದೆ, ಕಣ್ಣು ಡೋಲಿನ ಮೇಲಿಂದ ಕೀಳದೆ. ಆಮೇಲೆ ಡೋಲು ಕಾಗೆಗೆ ಬಂತು. ಆ ಹೊತ್ತಿಗೆ ನನಗೆ ನಿಜವಾಗಿಯೂ ಡೋಲು ಬೇಕಾಗಿತ್ತು.

ಕಾಗೆ ಕುಸಿದ ಆ ಟೇಕನ್ನೇ ಇಟ್ಟುಕೊಂಡೆವು.

ಅಧಿಕಾರಿಣಿ ಬರುವ ದಿನ. ಇಲ್ಲಿ ನಾನು ಒಂದು ಕಟ್ ಹಾಕಿ ನೇರ ಟಿವಿ ಆನ್ ಆಗುವಲ್ಲಿಗೆ ಹೋಗಬಹುದು. ನೆನಪು ಹಾಗೇ ಮಾಡಿಟ್ಟಿದೆ: ಅವಳು ಬಂದಳು, ಕೂತಳು, ಕಾರ್ಯಕ್ರಮ ಶುರುವಾಯಿತು. ನಿಜಕ್ಕೂ ಅವಳು ಬರಲಿಲ್ಲ. ಅವಳು ಹತ್ತಿದ್ದ ಟ್ಯೂಬ್ ರೈಲು ಎಲ್ಲೋ ನಡುವೆ ನಿಂತಿತ್ತು. ಮಕ್ಕಳಿಗೆ ಸೇಬಿನ ಹೋಳು ಕೊಟ್ಟರು, ಹಾಲು ಕೊಟ್ಟರು, ಹಾಲು ಚೆಲ್ಲಿತು, ಒರೆಸಿದರು. ಟಾಯ್ಲೆಟ್ಟಿಗೆ ಹೋಗಿ ಬಂದರು. ನಿರ್ಮಾಪಕಿ ಪುದೀನ ಮಾತ್ರೆಗಳ ಪೊಟ್ಟಣ ಪೂರ್ತಿ ತಿಂದಳು. ಬೊಂಬೆಯವನು ಕಾಗೆಯ ಕಣ್ಣಿನ ಗುಂಡಿ ಬಿಗಿಯಾಗಿ ಹೊಲಿದ. ಕಾಗೆಗೆ ಆ ದಿನ ಕೆಲಸವೇ ಇರಲಿಲ್ಲ. ಟಿವಿಯ ಖಾಲಿ ನೀಲಿ ಪರದೆಯನ್ನು ನೋಡುತ್ತ ನಾನು ಕೂತಿದ್ದೆ. ನೆನಪಿನ ಕಾರ್ಪೆಟ್ಟಿಗೆ ಬಣ್ಣ ಬಂದದ್ದು ಬಹುಶಃ ಅಲ್ಲಿಂದಲೇ.

ಕೊನೆಗೆ ಬಂದಳು. ಉದ್ದ ಕೋಟು, ದೊಡ್ಡ ಚೀಲ, ಏದುಸಿರು. ಹಿಂದಿನ ಪುಟ್ಟ ಕುರ್ಚಿಯೊಂದರ ಮೇಲೆ ಕೂತು "ಶುರು ಮಾಡಿ" ಅಂದಳು. ಗಡಿಯಾರವನ್ನೂ ನೋಡಿದಳು.

ಮುಂದಿನದಕ್ಕೆ ಟೇಪಿದೆ. ಕತ್ತೆ ಬಾರಿಸುತ್ತದೆ. ಆಡು "ನನ್ನ ಸರದಿ, ಪ್ಲೀಸ್" ಅನ್ನುತ್ತದೆ. ಕತ್ತೆ ತಲೆಯಾಡಿಸಿ, ಬಾರಿಸುತ್ತಲೇ ಇರುತ್ತದೆ. ಜಡೆಯ ಹುಡುಗಿ ಎದ್ದು ನಿಲ್ಲುತ್ತಾಳೆ. ಮರಳಿನ ತೊಟ್ಟಿಗೆ ಹೊರಟಳು ಅಂದುಕೊಂಡೆ. ಅವಳು ಎದ್ದದ್ದು ಮುಂದೆ ಬಂದು ಕೂರಲು. ಕೆಂಪು ಬೂಟಿನವನು ಬೋರಲು ಮಲಗಿದ್ದವನು ಮೊಣಕೈಯೂರಿ ಏಳುತ್ತಾನೆ. ಡೋಲು ಆಡಿಗೆ ಬರುತ್ತದೆ. ಮಕ್ಕಳ ತಲೆಗಳು ಒಟ್ಟಿಗೆ ಒಂದಿಷ್ಟು ಬಲಕ್ಕೆ ತಿರುಗುತ್ತವೆ. ನನಗೆ ಆ ತಿರುವು ಗೊತ್ತಿತ್ತು, ಪಿನ್ನರಿನಲ್ಲಿ ನೋಡಿದ್ದೆ. ಕಾಗೆ ಕುಸಿಯುತ್ತದೆ. ಎಲ್ಲರೂ ನಗುತ್ತಾರೆ. ಕಾಗೆ ಮತ್ತೆ ಏಳುತ್ತದೆ. ಆಗ ಯಾರೋ "ನಿಯರ್ಲಿ!" ಅಂತ, ಅಂದರೆ ಇನ್ನೇನು ಬಂತು ಅಂತ, ಕೂಗುತ್ತಾರೆ, ಇನ್ನೊಬ್ಬರು, ಮತ್ತೊಬ್ಬರು. ಇಡೀ ಕೋಣೆ ಕಾಗೆಗೆ ಧೈರ್ಯ ಹೇಳುತ್ತದೆ.

ಕೆಂಪು ಬೂಟಿನವನು ಪರದೆಯ ಹತ್ತಿರ ಬಂದು ಕಾಗೆಗೆ ಏನೋ ಅನ್ನುವುದು ಟೇಪಿನಲ್ಲಿ ಕಾಣುತ್ತದೆ. ಕೇಳುವುದಿಲ್ಲ, ಗಲಾಟೆ. ಅವನು ಕನ್ನಡದಲ್ಲಿ "ತಡಿ, ಬರ್ತದ" ಅಂದ ಅಂತ ನನ್ನ ಕಿವಿ ಹೇಳುತ್ತದೆ. ಅವನೂ "ನಿಯರ್ಲಿ" ಅಂತಲೇ ಅಂದ ಅಂತ ಬೊಂಬೆಯವನ ವಾದ. ತುಟಿಯ ಚಲನೆಯನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದ್ದೇನೆ. ಎರಡಕ್ಕೂ ಹೊಂದುತ್ತದೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಕಂತು ಮುಗಿಯಿತು. ಹಾಡಿರಲಿಲ್ಲ. ಟೀಚರ್ ಅಂಗಳದ ಬಾಗಿಲು ತೆರೆದಳು, ಮಕ್ಕಳು ಹೊರಗೆ ನುಗ್ಗಿದರು. ಅಧಿಕಾರಿಣಿಯೂ ಎದ್ದು ಅವರ ಹಿಂದೆ ಹೋದಳು, ಅವಳ ಹಿಂದೆ ನಾವು. ಇಲ್ಲಿಂದ ಮುಂದೆ ಕ್ಯಾಮೆರಾ ಇಲ್ಲ.

ಜಡೆಯ ಹುಡುಗಿ ಮೊದಲು ಸೈಕಲ್ಲು ಹಿಡಿದಿದ್ದಳು. ಕೆಂಪು ಬೂಟಿನವನು ನೇರ ಅವಳ ಹತ್ತಿರ ಹೋಗಿ ಹ್ಯಾಂಡಲ್ ಹಿಡಿದು "ಮೈ ಟರ್ನ್, ಪ್ಲೀಸ್" ಅಂದ. ನಿರ್ಮಾಪಕಿ ನನ್ನ ತೋಳು ಹಿಡಿದಳು, ಕಾಗೆಯ ತೋಳು, ಅದಿನ್ನೂ ನೋಯುತ್ತಿತ್ತು. ಹುಡುಗಿ ತಲೆಯಾಡಿಸಿ ಪೆಡಲ್ ತುಳಿದಳು. ಅವನು ಹ್ಯಾಂಡಲ್ ಬಿಡಲಿಲ್ಲ. ಎಳೆಯಲೂ ಇಲ್ಲ. ಹಿಡಿದುಕೊಂಡೇ ಪಕ್ಕದಲ್ಲಿ ನಡೆದ, ಅಂಗಳದ ಇಡೀ ಸುತ್ತು, ಬ್ಯಾಂಕಿನ ಹಣ ಸಾಗಿಸುವ ಕಾವಲುಗಾರನ ಹಾಗೆ. ಇದನ್ನು ಕಾಯುವುದು ಅನ್ನಬಹುದೇ ಅಂತ ನಾನು ಟೀಚರ್ ಕಡೆ ನೋಡಿದೆ. "ನನಗೆ ಸಾಕು," ಅಂದಳು ಅವಳು.

ಸುತ್ತು ಮುಗಿಯಿತು, ಹುಡುಗಿ ಇಳಿದಳು. ಹತ್ತಿರದಿಂದ ನೋಡಲು ಅಧಿಕಾರಿಣಿ ಸೈಕಲ್ಲಿನ ಕಡೆ ಹೆಜ್ಜೆ ಇಟ್ಟಳು. ಹುಡುಗ ಬೂಟು ಅಡ್ಡ ಇಟ್ಟ. "ಯೂ ಆರ್ ಆಫ್ಟರ್ ಮೀ," ಅಂದ.

"ಓ. ಸಾರಿ," ಅಂದಳು ಅವಳು. ಅಲ್ಲೇ ನಿಂತಳು, ಅವನು ಇದ್ದ ಜಾಗದಲ್ಲಿ. ಬೊಂಬೆಯವನು ಮುಖ ಗಂಭೀರ ಮಾಡಿಕೊಂಡು ಅವಳ ಹಿಂದೆ ನಿಂತ. ನಾನು ಅವನ ಹಿಂದೆ.

ಹುಡುಗ ಅವಸರ ಮಾಡಲಿಲ್ಲ. ಅಂಗಳದ ಮೂಲೆ ಮೂಲೆಯನ್ನೂ ನೋಡಿ ಬಂದ. ಅಧಿಕಾರಿಣಿ ಒಮ್ಮೆ ಗಡಿಯಾರ ನೋಡಿಕೊಂಡಳು; ಆಮೇಲೆ ಆ ಕೈಯನ್ನು ಕೋಟಿನ ಜೇಬಿಗೆ ಹಾಕಿದಳು. ಅವಳ ತಲೆ ಸೈಕಲ್ಲು ಹೋದ ಕಡೆಗೆಲ್ಲ ತಿರುಗುತ್ತಿತ್ತು. ಅವನು ಬಂದು, ಇಳಿದು, ಹ್ಯಾಂಡಲ್ ಅವಳ ಕೈಗೆ ಕೊಟ್ಟ. ಬೇಡ ಅನ್ನಲು ಅವಳು ಬಾಯಿ ತೆರೆದದ್ದು ನಿಜ. ಅವನು ಕಾಯುತ್ತಿದ್ದ. ಅವಳು ಚೀಲವನ್ನು ನಿರ್ಮಾಪಕಿಯ ಕೈಗೆ ಕೊಟ್ಟು, ಕೋಟು ಎತ್ತಿ ಹಿಡಿದು, ಸೈಕಲ್ಲಿನ ಮೇಲೆ ಕೂತಳು. ಮೊಣಕಾಲು ಗಲ್ಲಕ್ಕೆ ಬಂತು.

"ಉಳಿದ ಕಂತುಗಳಲ್ಲೂ ಹೀಗೇ ಕಾಯಿಸ್ತೀರಾ?" ಅಂತ ಕೇಳಿದಳು ನಿರ್ಮಾಪಕಿಯನ್ನು, ಅಲ್ಲಿಂದಲೇ.

"ಕಾಯಿಸ್ತೀವಿ."

"ಸರಿ ಹಾಗಾದ್ರೆ. ಮಾಡಿ," ಅಂದು ಪೆಡಲ್ ತುಳಿದಳು.

ಗೇಟಿನ ತನಕ ಹೋಗಿ ಬಂದಳು. ಇದು ನನ್ನ ನೆನಪಿನಲ್ಲಿ ಒಂದೇ ಶಾಟ್, ನಡುವೆ ಎಲ್ಲೂ ಕಟ್ ಇಲ್ಲ. ಇಳಿದು, ಹಿಂದೆ ಯಾರಿದ್ದಾರೆ ಅಂತ ನೋಡಿ, ಹ್ಯಾಂಡಲ್ಲನ್ನು ಬೊಂಬೆಯವನಿಗೆ ಕೊಟ್ಟಳು. ಅವನು ಆಡಿನ ಹಾಗೆ ಕೂಗುತ್ತ ಎರಡು ಸುತ್ತು ಹೊಡೆದ, ಅದು ಅನ್ಯಾಯ. ಆಮೇಲೆ ನನ್ನ ಪಾಳಿ ಬಂತು.